ಸಂಸಕ್ತಿ: ತಂತ್ರಾಂಶ ವಿನ್ಯಾಸದ ಒಂದು ಪರಿಕಲ್ಪನೆಯ ಚರಿತ್ರೆ

ಗಣಕಯಂತ್ರಕ್ಕೆ ಕೊಡುವ ಆದೇಶಗಳ ಸಮುದಾಯವನ್ನು ತಂತ್ರಾಂಶವೆಂದು ಕರೆಯುವ ರೂಢಿ ಕನ್ನಡದಲ್ಲಿ ಈಗ ನೆಲೆಗೊಂಡಿದೆ. ಲಕ್ಷಾಂತರ ಪಂಕ್ತಿಗಳ ಆದೇಶಗಳನ್ನು ಒಂದೇ ಸುರುಳಿಯಾಗಿ ಬರೆದು ಕಾಪಾಡುವುದು ಅಶಕ್ಯವಾದುದರಿಂದ ಅವನ್ನು ಸಣ್ಣ ಸಣ್ಣ ಘಟಕಗಳಾಗಿ ವಿಭಾಗಿಸುತ್ತಾರೆ. ವಿಭಾಗಿಸಿದೊಡನೆ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಒಂದು ಘಟಕವು ಮತ್ತೊಂದನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬುದು ಮೊದಲನೆಯದು. ಒಂದೇ ಘಟಕದೊಳಗೆ ಇರಿಸಿದ ಅಂಶಗಳು ಯಾವ ಕಾರಣದಿಂದ ಒಟ್ಟಿಗಿವೆ ಎಂಬುದು ಎರಡನೆಯದು. ಮೊದಲನೆಯದನ್ನು ಆ ಶಾಸ್ತ್ರದವರು ಕಪ್ಲಿಂಗ್ ಎಂದೂ ಎರಡನೆಯದನ್ನು ಕೊಹೀಷನ್ ಎಂದೂ ಕರೆಯುತ್ತಾರೆ. ಪ್ರಕೃತ ಲೇಖನವು ಈ ಎರಡನೆಯದರ ಚರಿತ್ರೆಯನ್ನು ನಿರೂಪಿಸಲು ಹೊರಟಿದೆ.

ನಮ್ಮ ಭೌತವಿಜ್ಞಾನದ ಪಠ್ಯಗಳಲ್ಲಿ ಕೊಹೀಷನ್ ಎಂಬುದಕ್ಕೆ ಸಂಸಕ್ತಿ ಎಂಬ ಶಬ್ದವಿದೆ. ನೀರಿನ ಕಣವು ನೀರಿನ ಕಣವನ್ನು ಹಿಡಿದಿಟ್ಟುಕೊಳ್ಳುವ ಬಲಕ್ಕೆ ಆ ಹೆಸರು. ತಂತ್ರಾಂಶದ ಸಂದರ್ಭದಲ್ಲಿಯೂ ಅದನ್ನೇ ಬಳಸಬಹುದು. ಆದರೆ ಒಂದು ಎಚ್ಚರಿಕೆ ಅವಶ್ಯ. ನೀರಿನ ಕಣಗಳ ಸಂಸಕ್ತಿಯು ನಿಸರ್ಗಸಿದ್ಧ. ಅದನ್ನು ಅಳೆಯಬಹುದು, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ತಂತ್ರಾಂಶದ ಸಂಸಕ್ತಿಯಾದರೋ ಮನುಷ್ಯನ ಸಂಕಲ್ಪದಿಂದ ಬರತಕ್ಕದ್ದು. ಹೊರನಾಡ ಕನ್ನಡಿಗರ ಮನೆಗಳಲ್ಲಿ ಈ ವೃತ್ತಿಯಲ್ಲಿ ತೊಡಗಿದವರು ಒಬ್ಬರಾದರೂ ಇಲ್ಲದ ಮನೆ ಇಂದು ವಿರಳ. ಅವರ ನಿತ್ಯದ ಮಾತಿನಲ್ಲಿ ಸವೆದ ಈ ಶಬ್ದದ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ವಿಚಾರಮಂಥನವಿದೆ. ಆ ಮಂಥನದಿಂದ ತಿಳಿದುಬರುವ ಮುಖ್ಯ ಸಂಗತಿಯನ್ನು ಮೊದಲೇ ಸೂಚಿಸುವುದು ಒಳಿತು. ಸಂಸಕ್ತಿಯು ಘಟಕದ ಒಳಗಿನ ಗುಣವೆಂದು ಎಲ್ಲರೂ ಹೇಳಿದರು. ಆದರೆ ಅದನ್ನು ನಿರ್ಣಯಿಸುವ ಪ್ರಮಾಣವನ್ನು ಹುಡುಕುತ್ತ ಹೋದವರೆಲ್ಲರೂ ಕೊನೆಗೆ ಘಟಕದ ಹೊರಗೆ ಬಂದು ನಿಂತರು.

೧

೧೯೬೮ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನೇಟೋ ಸಂಸ್ಥೆಯ ವಿಜ್ಞಾನ ಸಮಿತಿಯ ಆಶ್ರಯದಲ್ಲಿ ಒಂದು ಸಮ್ಮೇಳನ ನಡೆಯಿತು. ತಂತ್ರಾಂಶ ಶಿಲ್ಪ ಎಂಬರ್ಥದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಹೆಸರು ಲೋಕದಲ್ಲಿ ಹರಡಿದ್ದು ಆ ಸಮ್ಮೇಳನದಿಂದ. ಗಣಕಗಳ ಶಕ್ತಿ ವರ್ಷವರ್ಷಕ್ಕೂ ಹೆಚ್ಚುತ್ತಿತ್ತು. ಅದಕ್ಕೆ ತಕ್ಕ ತಂತ್ರಾಂಶವನ್ನು ಹೇಳಿದ ಕಾಲಕ್ಕೆ, ಹೇಳಿದ ವೆಚ್ಚದಲ್ಲಿ, ದೋಷವಿಲ್ಲದೆ ಒದಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಬರೆಯುವುದಕ್ಕಿಂತ, ಬರೆದುದನ್ನು ಮುಂದೆ ತಿದ್ದುವುದೇ ಹೆಚ್ಚು ಕಷ್ಟವೆಂಬ ಅನುಭವ ಅನೇಕರಿಗೆ ಆಗಿತ್ತು. ಒಂದೆಡೆ ತಿದ್ದಿದರೆ ಸಂಬಂಧವೇ ಇಲ್ಲದಂತೆ ತೋರುವ ಮತ್ತೊಂದೆಡೆ ಮುರಿಯುತ್ತಿತ್ತು.

ಇದೇ ಕಾಲದಲ್ಲಿ ಅಮೆರಿಕದ ಲ್ಯಾರಿ ಕಾನ್‌ಸ್ಟಂಟೈನ್ ಎಂಬವರು ಸುಲಭವಾಗಿ ತಿದ್ದಬಹುದಾದ ಕ್ರಮವಿಧಿಗಳಿಗೂ ತಿದ್ದಲಾಗದ ಕ್ರಮವಿಧಿಗಳಿಗೂ ಇರುವ ಭೇದವೇನೆಂದು ವಿಚಾರಿಸುತ್ತಿದ್ದರು. ಅವರ ವಿಚಾರಗಳು ವೇಯ್ನ್ ಸ್ಟೀವನ್ಸ್ ಮತ್ತು ಗ್ಲೆನ್‌ಫರ್ಡ್ ಮೈಯರ್ಸ್ ಇವರೊಡಗೂಡಿ ಬರೆದ ಲೇಖನದ ಮೂಲಕ ೧೯೭೪ರಲ್ಲಿ ಐಬಿಎಂ ಸಿಸ್ಟಮ್ಸ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾದುವು. ತರುವಾಯ ಎಡ್ವರ್ಡ್ ಯೂರ್ಡನ್ನರ ಜೊತೆಗೆ ಅವರು ರಚಿಸಿದ 'ಸ್ಟ್ರಕ್ಚರ್ಡ್ ಡಿಸೈನ್' ಎಂಬ ಗ್ರಂಥವು ಎಪ್ಪತ್ತರ ದಶಕದಲ್ಲಿ ಹೊರಬಂದು ಆ ವೃತ್ತಿಯವರಿಗೆ ಪಾಠಗ್ರಂಥವಾಯಿತು.

ಸಂಸಕ್ತಿ ಎಂಬ ಶಬ್ದ ಭೌತವಿಜ್ಞಾನದಿಂದ ಬಂದಿತೆಂದು ಊಹಿಸುವುದು ಸಹಜ. ಆದರೆ ಕಾನ್‌ಸ್ಟಂಟೈನರು ಅದನ್ನು ತೆಗೆದುಕೊಂಡುದು ಸಮಾಜಶಾಸ್ತ್ರದಿಂದ. ಒಂದು ಗುಂಪಿನ ಜನರು ಪರಸ್ಪರ ಎಷ್ಟು ಹೊಂದಿಕೊಂಡಿದ್ದಾರೆ ಎಂಬರ್ಥದಲ್ಲಿ ಅಲ್ಲಿ ಅದು ಬಳಕೆಯಲ್ಲಿತ್ತು. ಇದೇ ಕಾನ್‌ಸ್ಟಂಟೈನರು ಮುಂದೆ ಕೆಲಕಾಲ ಗಣಕವೃತ್ತಿಯನ್ನು ಬಿಟ್ಟು ಕುಟುಂಬಗಳ ಮನೋಚಿಕಿತ್ಸೆಯಲ್ಲಿ ತೊಡಗಿ, ೧೯೮೬ರಲ್ಲಿ 'ಫ್ಯಾಮಿಲಿ ಪ್ಯಾರಡೈಮ್ಸ್' ಎಂಬ ಗ್ರಂಥವನ್ನೂ ಬರೆದರು. ಒಂದು ಮನೆಯವರು ಏಕೆ ಒಟ್ಟಿಗಿದ್ದಾರೆ, ಒಂದು ಘಟಕದ ಆದೇಶಗಳು ಏಕೆ ಒಟ್ಟಿಗಿವೆ ಎಂಬ ಎರಡು ಪ್ರಶ್ನೆಗಳನ್ನು ಒಬ್ಬನೇ ಮನುಷ್ಯ ಕೇಳಿದುದು ಈ ಪರಿಕಲ್ಪನೆಯ ಸ್ವಭಾವವನ್ನೇ ಸೂಚಿಸುತ್ತದೆ. ಒಂದೇ ಸೂರಿನಡಿ ವಾಸಿಸುವುದರಿಂದಲೇ ಕುಟುಂಬವಾಗುವುದಿಲ್ಲ.

೨

೧೯೭೪ರ ಲೇಖನದಲ್ಲಿ ಸಂಸಕ್ತಿಗೆ ಆರು ದರ್ಜೆಗಳಿದ್ದುವು. ಮುಂದಿನ ಗ್ರಂಥದಲ್ಲಿ ಅವು ಏಳಾದುವು. ಕೆಳಗಿನಿಂದ ಮೇಲಕ್ಕೆ ಅವನ್ನು ಹೀಗೆ ಹೇಳಬಹುದು. ಯಾವ ಸಂಬಂಧವೂ ಇಲ್ಲದೆ ಒಟ್ಟು ಸೇರಿದ್ದರೆ ಅದು ಆಕಸ್ಮಿಕ. ಒಂದೇ ಜಾತಿಯ ಕೆಲಸಗಳೆಂಬ ಕಾರಣಕ್ಕೆ ಸೇರಿಸಿದ್ದರೆ ತಾರ್ಕಿಕ. ಒಂದೇ ಹೊತ್ತಿನಲ್ಲಿ ನಡೆಯುವುವೆಂದು ಸೇರಿಸಿದ್ದರೆ ಕಾಲಿಕ. ಒಂದು ಕಾರ್ಯವಿಧಾನದ ಹೆಜ್ಜೆಗಳೆಂದು ಸೇರಿಸಿದ್ದರೆ ವಿಧಾನಾನುಗತ. ಒಂದೇ ದತ್ತಾಂಶವನ್ನು ಬಳಸುವುವೆಂದು ಸೇರಿಸಿದ್ದರೆ ಸಮಾನದತ್ತ. ಒಂದರ ಫಲವು ಮುಂದಿನದಕ್ಕೆ ಸಾಮಗ್ರಿಯಾಗುವಂತಿದ್ದರೆ ಅನುಕ್ರಮಿಕ. ಎಲ್ಲ ಅಂಶಗಳೂ ಒಂದೇ ಒಂದು ಕಾರ್ಯದ ಸಾಧನೆಗೆ ಬೇಕಾದುವಾಗಿದ್ದರೆ ಕಾರ್ಯನಿಷ್ಠ, ಇದೇ ಉತ್ತಮೋತ್ತಮ.

ಈ ಪೈಕಿ ಕಾಲಿಕ ಸಂಸಕ್ತಿಯನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಬೇಕು. ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡುವಾಗ ಆಗಬೇಕಾದ ಹತ್ತು ಕೆಲಸಗಳನ್ನು 'ಪ್ರಾರಂಭ' ಎಂಬ ಒಂದು ಘಟಕದಲ್ಲಿ ತುಂಬುವುದು ಇದರ ಪ್ರಸಿದ್ಧ ಉದಾಹರಣೆ. ಆ ಹತ್ತಕ್ಕೂ ಬೆಳಗಿನ ಹೊತ್ತಿನ ವಿನಾ ಬೇರೆ ನಂಟಿಲ್ಲ. ಆದರೆ ಹೊತ್ತಿನ ನಂಟು ಯಾವಾಗಲೂ ಹುಸಿಯೆ? ಬ್ಯಾಂಕಿನ ವೃತ್ತಿಯಲ್ಲಿರುವವನಿಗೆ ಇಲ್ಲಿ ಲೆಕ್ಕದ ಪುಸ್ತಕಗಳು ನೆನಪಿಗೆ ಬರುವುದು ಸಹಜ. ವ್ಯಾಪಾರಿಗಳ ಕಿರ್ದಿಯು ಆ ದಿನದ ಎಲ್ಲ ಕೊಡು-ಕೊಳ್ಳುವಿಕೆಗಳನ್ನೂ ನಡೆದ ಕ್ರಮದಲ್ಲಿ ಸಂಗ್ರಹಿಸುತ್ತದೆ. ಅಕ್ಕಿಯ ವ್ಯಾಪಾರಿಯ ಹಣವೂ ವಿಧವೆಯೊಬ್ಬಳ ಬಡ್ಡಿಯೂ ಅಲ್ಲಿ ಒಂದರ ಕೆಳಗೊಂದು ಕುಳಿತಿರುತ್ತವೆ. ಖಾತೆ ಪುಸ್ತಕವಾದರೋ ಅದೇ ನಮೂದುಗಳನ್ನು ಹೆಸರಿಗೆ ಅನುಸಾರವಾಗಿ ಹಂಚುತ್ತದೆ. ೧೪೯೪ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಚೋಲಿಯ ಗ್ರಂಥದಲ್ಲಿಯೂ ದಿನಚರಿಯ ಪುಸ್ತಕ ಬೇರೆ, ಖಾತೆಯ ಪುಸ್ತಕ ಬೇರೆ. ಕಿರ್ದಿಯನ್ನು ಕೇವಲ ಕಾಲಿಕವೆಂದು ತಳ್ಳಿಹಾಕಲಾಗದು. ಆ ದಿನದ ರೋಕಡ ಸರಿಹೊಂದಿತೇ ಇಲ್ಲವೇ ಎಂಬ ಪ್ರಶ್ನೆಗೆ ಅದೊಂದೇ ಉತ್ತರ ಕೊಡಬಲ್ಲುದು. ಇಂತಹವನ ಲೆಕ್ಕದಲ್ಲಿ ಎಷ್ಟಿದೆ ಎಂಬ ಪ್ರಶ್ನೆಗೆ ಉತ್ತರ ಖಾತೆ ಪುಸ್ತಕದಲ್ಲಿದೆ. ಎಂದಮೇಲೆ, ಒಂದು ಸಂಗ್ರಹವು ಸಂಸಕ್ತವೇ ಎಂಬುದು ಅದು ಯಾವ ಪ್ರಶ್ನೆಗೆ ಉತ್ತರವಾಗಿದೆ ಎಂಬುದನ್ನು ಹೊಂದಿಕೊಂಡಿದೆ. ಏಳು ದರ್ಜೆಗಳ ಕರ್ತೃಗಳು ಈ ಮಾತನ್ನು ಹೀಗೆ ಹೇಳಲಿಲ್ಲ. ಆದರೆ ಅವರು ಸೂಚಿಸಿದ ಪರೀಕ್ಷೆಯೊಂದರಲ್ಲಿ ಇದು ಅಡಗಿದೆ.

ಆ ಪರೀಕ್ಷೆಯು ಬಹಳ ಸರಳವಾದದ್ದು. ಘಟಕವು ಮಾಡುವ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಬಳಿಕ ಆ ವಾಕ್ಯವನ್ನೇ ಪರಿಶೀಲಿಸಬೇಕು. ವಾಕ್ಯದಲ್ಲಿ ಅಲ್ಪವಿರಾಮಗಳಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ಕ್ರಿಯಾಪದಗಳಿದ್ದರೆ ಘಟಕವು ಒಂದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರಬಹುದು. 'ಮೊದಲು', 'ಅನಂತರ', 'ಆಗ' ಎಂಬಂಥ ಪದಗಳು ಬಂದರೆ ಅದರ ಬಂಧವು ಕಾಲದ ಅಥವಾ ಅನುಕ್ರಮದ ಬಂಧ. 'ಎಲ್ಲ ವಿವರಗಳನ್ನೂ ತಿದ್ದುವುದು' ಎಂಬಂತೆ ಕ್ರಿಯಾಪದಕ್ಕೆ ನಿರ್ದಿಷ್ಟವಾದ ಕರ್ಮಪದವೇ ಇಲ್ಲದಿದ್ದರೆ ಅದು ಬಹುಶಃ ತಾರ್ಕಿಕ ಬಂಧ. ಯಂತ್ರಶಾಸ್ತ್ರದ ಗುಣವೊಂದನ್ನು ವ್ಯಾಕರಣದಿಂದ ಪರೀಕ್ಷಿಸುವ ಈ ಕ್ರಮ ಭಾಷಾಭ್ಯಾಸಿಗಳಾದ ನಮಗೆ ವಿಶೇಷ ಆಸಕ್ತಿಯದು.

ಏಕೆಂದರೆ ಇದೇ ಪ್ರಶ್ನೆಯನ್ನು ಇದರ ವಿಲೋಮಕ್ರಮದಲ್ಲಿ ನಮ್ಮ ಮೀಮಾಂಸಕರು ಕೇಳಿದ್ದರು. ಋಕ್ಕುಗಳಿಗೆ ಛಂದಸ್ಸಿದೆ, ಪಾದ ಎಲ್ಲಿ ಮುಗಿಯಿತೆಂಬುದು ಅದರಿಂದ ಗೊತ್ತಾಗುತ್ತದೆ. ಯಜುಸ್ಸು ಗದ್ಯ, ಒಂದು ಮಂತ್ರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ತಿಳಿಯಲು ಹೊರಗುರುತು ಯಾವುದೂ ಇಲ್ಲ. ಇದನ್ನು ನಿರ್ಣಯಿಸಲು ಜೈಮಿನಿಯು ಪೂರ್ವಮೀಮಾಂಸೆಯ ಎರಡನೆಯ ಅಧ್ಯಾಯದಲ್ಲಿ ಎರಡು ಲಕ್ಷಣಗಳನ್ನು ಹೇಳುತ್ತಾನೆ. ಪದಗಳೆಲ್ಲ ಸೇರಿ ಒಂದೇ ಅರ್ಥವನ್ನು ಸಾಧಿಸಬೇಕು. ಬಿಡಿಸಿದರೆ ಬಿಡಿಭಾಗಗಳಿಗೆ ಆಕಾಂಕ್ಷೆ ಉಳಿಯಬೇಕು, ಎಂದರೆ ಅವು ಅಪೂರ್ಣವೆನಿಸಬೇಕು. ಈ ಎರಡೂ ಕೂಡಿದಲ್ಲಿ ಒಂದು ವಾಕ್ಯ. ಬಿಡಿಸಿದರೂ ಪ್ರತಿಯೊಂದು ಭಾಗವೂ ತಾನೇ ಪೂರ್ಣವಾಗಿ ನಿಲ್ಲುವುದಾದರೆ ಅವು ಬೇರೆ ಬೇರೆ ವಾಕ್ಯಗಳು. ಒಂದೇ ವಿಧಿವಾಕ್ಯದ ಮೇಲೆ ಎರಡು ವಿಧಾನಗಳ ಭಾರವನ್ನು ಹೇರುವುದನ್ನು ಮೀಮಾಂಸಕರು ವಾಕ್ಯಭೇದವೆಂಬ ದೋಷವಾಗಿ ಪರಿಗಣಿಸಿದರು.

ಪ್ರಾಚೀನರಿಗೆ ಗಣಕಶಾಸ್ತ್ರ ತಿಳಿದಿತ್ತೆಂದು ಇದರಿಂದ ಹೇಳಹೊರಟರೆ ಅದು ಹಾಸ್ಯಾಸ್ಪದವಾದೀತು. ಕಾನ್‌ಸ್ಟಂಟೈನರ ವಿಚಾರಕ್ಕೂ ಜೈಮಿನಿಗೂ ಯಾವ ಐತಿಹಾಸಿಕ ಸಂಬಂಧವೂ ಇಲ್ಲ. ಆದರೂ ಸಾಮ್ಯವು ಬೋಧಪ್ರದವಾಗಿದೆ. ಕ್ರಮವಿಧಿಯೂ ಯಜುಸ್ಸಿನಂತೆ ಗದ್ಯ; ಅದನ್ನು ಎಲ್ಲಿ ಕತ್ತರಿಸಬೇಕೆಂದು ಹೇಳುವ ಛಂದಸ್ಸು ಅದಕ್ಕಿಲ್ಲ. ಎರಡು ಕಡೆಯಲ್ಲಿಯೂ ಕತ್ತರಿಸುವವನಿಗೆ ದೊರೆತ ಆಧಾರ ಪ್ರಯೋಜನದ ಐಕ್ಯವೊಂದೇ. ಮತ್ತು ಕಾನ್‌ಸ್ಟಂಟೈನರ ಪರೀಕ್ಷೆಯಲ್ಲಿ ಸ್ಪಷ್ಟವಾಗಿರದ ಒಂದು ಅಂಶವನ್ನು ಜೈಮಿನಿಯ ಎರಡನೆಯ ಲಕ್ಷಣವು ಒದಗಿಸುತ್ತದೆ: ಕೂಡಿಸಿದಾಗ ಚೆನ್ನಾಗಿದೆ ಎಂಬುದು ಸಾಲದು, ಬಿಡಿಸಿದಾಗ ಕೊರತೆಯಾಗಬೇಕು.

೩

ಕಾನ್‌ಸ್ಟಂಟೈನರ ವಿಚಾರಗಳು ಪ್ರಕಟವಾಗುವುದಕ್ಕೆ ಎರಡು ವರ್ಷ ಮೊದಲೇ, ೧೯೭೨ರ ಡಿಸೆಂಬರಿನಲ್ಲಿ, ಡೇವಿಡ್ ಪಾರ್ನಾಸ್ ಎಂಬವರು ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಹಿಡಿದಿದ್ದರು. ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ ಪತ್ರಿಕೆಯಲ್ಲಿ ಬಂದ ಅವರ ಕಿರುಲೇಖನವು ಇಂದಿಗೂ ಈ ಶಾಸ್ತ್ರದ ಮೂಲಗ್ರಂಥಗಳಲ್ಲಿ ಎಣಿಕೆಯಾಗುತ್ತದೆ. ಅವರು ಆರಿಸಿಕೊಂಡ ಉದಾಹರಣೆ ಗ್ರಂಥಪಾಲಕರಿಗೆ ಪರಿಚಿತವಾದ ಒಂದು ಅಕಾರಾದಿ ಸೂಚಿ: ಪ್ರತಿಯೊಂದು ಶೀರ್ಷಿಕೆಯ ಪದಗಳನ್ನು ಚಕ್ರದಂತೆ ತಿರುಗಿಸಿ, ಪ್ರತಿ ಪದವೂ ಒಮ್ಮೆ ಮೊದಲಿಗೆ ಬರುವಂತೆ ಮಾಡಿ, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸುವುದು.

ಇದನ್ನು ಅವರು ಎರಡು ರೀತಿಯಲ್ಲಿ ವಿಭಾಗಿಸಿ ತೋರಿಸಿದರು. ಮೊದಲನೆಯ ರೀತಿ ಎಲ್ಲರೂ ಅನುಸರಿಸುತ್ತಿದ್ದುದು: ಓದುವುದು, ತಿರುಗಿಸುವುದು, ಜೋಡಿಸುವುದು, ಮುದ್ರಿಸುವುದು ಎಂಬ ಕೆಲಸದ ಹೆಜ್ಜೆಗಳಿಗೆ ಒಂದೊಂದು ಘಟಕ. ಇಲ್ಲಿ ಒಂದು ತೊಡಕಿದೆ. ಶೀರ್ಷಿಕೆಗಳನ್ನು ಯಂತ್ರದ ಸ್ಮೃತಿಯಲ್ಲಿ ಯಾವ ರೂಪದಲ್ಲಿ ಇಟ್ಟಿದೆ ಎಂಬ ಒಂದು ಸಂಗತಿ ಹೆಚ್ಚುಕಡಮೆ ಎಲ್ಲ ಘಟಕಗಳಿಗೂ ತಿಳಿದಿರಬೇಕಾಗುತ್ತದೆ. ಆ ರೂಪವನ್ನು ಬದಲಿಸಿದರೆ ಎಲ್ಲವನ್ನೂ ತಿದ್ದಬೇಕು. ಎರಡನೆಯ ರೀತಿಯಲ್ಲಿ ಪ್ರತಿಯೊಂದು ಘಟಕವೂ ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ತನ್ನಲ್ಲಿ ಗುಟ್ಟಾಗಿ ಇಟ್ಟುಕೊಳ್ಳುತ್ತದೆ. ಶೀರ್ಷಿಕೆಗಳು ಇರುವ ರೂಪವು ಅವನ್ನು ಕಾಯುವ ಘಟಕವೊಂದಕ್ಕೇ ತಿಳಿದಿದೆ. ಉಳಿದವು ಕೇಳಿ ಪಡೆಯಬೇಕು.

ಪಾರ್ನಾಸರು ಇಲ್ಲಿ ಸಂಸಕ್ತಿ ಎಂಬ ಶಬ್ದದ ಮೇಲೆ ವಾದವನ್ನು ನಿಲ್ಲಿಸಲಿಲ್ಲ. ಆದರೂ ಸಂಸಕ್ತಿಯ ಚರಿತ್ರೆಯಲ್ಲಿ ಅವರದು ಒಂದು ದೊಡ್ಡ ತಿರುವು. ಅದುವರೆಗೆ ಒಟ್ಟಿಗಿರುವುದಕ್ಕೆ ಕಾರಣವನ್ನು ಯಂತ್ರದಲ್ಲಿ ನಡೆಯುವ ಕೆಲಸದ ಕ್ರಮದಲ್ಲಿ ಹುಡುಕುತ್ತಿದ್ದರು. ಅವರು ಆ ಕಾರಣವನ್ನು ಭವಿಷ್ಯದಲ್ಲಿ ಹುಡುಕಿದರು: ಒಂದೇ ಕಾರಣದಿಂದ ಬದಲಾಗುವುವು ಒಟ್ಟಿಗಿರಲಿ, ಬೇರೆ ಕಾರಣದಿಂದ ಬದಲಾಗುವುವು ಬೇರೆಯಾಗಿರಲಿ.

೪

ಇಷ್ಟರಲ್ಲಿ ಯೂರೋಪಿನ ಉತ್ತರದಲ್ಲಿ ಮತ್ತೊಂದು ಧಾರೆ ಹರಿಯುತ್ತಿತ್ತು. ನಾರ್ವೆ ದೇಶದ ರಾಜಧಾನಿಯಾದ ಓಸ್ಲೋದ ನಾರ್ವೀಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಊಲೆ-ಯೂಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬಿಬ್ಬರು ಲೋಕದ ವ್ಯವಹಾರಗಳನ್ನು ಗಣಕದಲ್ಲಿ ಅನುಕರಿಸಿ ನೋಡುವುದಕ್ಕೆಂದು ಸಿಮುಲಾ ಎಂಬ ಭಾಷೆಯನ್ನು ರಚಿಸಿದ್ದರು. ೧೯೬೭ರಲ್ಲಿ ಅದರ ಹೊಸ ರೂಪವು ಪ್ರಕಟವಾಯಿತು. ಅದರಲ್ಲಿ ದತ್ತಾಂಶವೂ ಅದರ ಮೇಲೆ ನಡೆಯುವ ಕ್ರಿಯೆಗಳೂ ಒಂದೇ ವಸ್ತುವಾಗಿ ಕೂಡಿದ್ದುವು; ಒಂದೇ ಬಗೆಯ ವಸ್ತುಗಳ ಸಾಮಾನ್ಯ ವರ್ಣನೆಗೆ ಕ್ಲಾಸು, ಎಂದರೆ ವರ್ಗ, ಎಂಬ ಹೆಸರಾಯಿತು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಆಲನ್ ಕೇ ಮತ್ತು ಅವರ ಸಹೋದ್ಯೋಗಿಗಳು ಸ್ಮಾಲ್‌ಟಾಕ್ ಎಂಬ ಭಾಷೆಯಲ್ಲಿ ಈ ವಿಚಾರವನ್ನು ಮುಂದಕ್ಕೆ ಒಯ್ದರು. ಡಾಲ್ ಮತ್ತು ನ್ಯೂಗೋರ್ ಇಬ್ಬರಿಗೂ ೨೦೦೧ನೆಯ ವರ್ಷದ ಟ್ಯೂರಿಂಗ್ ಪುರಸ್ಕಾರ ದೊರೆಯಿತು. ೨೦೦೨ರ ಬೇಸಿಗೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು.

ಈ ಹೊಸ ವಸ್ತುವನ್ನು ಹಳೆಯ ಏಳು ದರ್ಜೆಗಳಲ್ಲಿ ಎಲ್ಲಿ ಕೂಡಿಸುವುದು? ವರ್ಗವೊಂದರಲ್ಲಿ ಅನೇಕ ಕ್ರಿಯೆಗಳಿರುತ್ತವೆ. ಅವನ್ನು ಕೂಡಿಸಿದ್ದು ಒಂದೇ ದತ್ತಾಂಶ. ಹಳೆಯ ಎಣಿಕೆಯಂತೆ ಅದು ಬಹಳವಾದರೆ ಸಮಾನದತ್ತ, ಅಂದರೆ ಉತ್ತಮೋತ್ತಮಕ್ಕೆ ಎರಡು ಮೆಟ್ಟಿಲು ಕೆಳಗೆ. ಮೈಯರ್ಸರು ಎಪ್ಪತ್ತರ ದಶಕದ ತಮ್ಮ ಗ್ರಂಥಗಳಲ್ಲಿ ಇದನ್ನು ಮನಗಂಡು ಒಂದು ಹೊಸ ದರ್ಜೆಯನ್ನು ಸೇರಿಸಿದರು. ಹಲವು ಬಾಗಿಲುಗಳುಳ್ಳ ಘಟಕ. ಪ್ರತಿ ಬಾಗಿಲಿಗೂ ಒಂದೇ ಕಾರ್ಯ. ಎಲ್ಲವೂ ಒಳಗೆ ಬಚ್ಚಿಟ್ಟ ಒಂದೇ ದತ್ತರಚನೆಯ ಮೇಲೆ ನಡೆಯುವುವು. ಪಾರ್ನಾಸರ ಗುಟ್ಟು ಕಾನ್‌ಸ್ಟಂಟೈನರ ಮೆಟ್ಟಿಲುಗಳನ್ನು ಸೇರಿದ್ದು ಇಲ್ಲಿ.

೧೯೮೯ರಲ್ಲಿ ಮತ್ತೊಂದು ಹೆಜ್ಜೆ. ಆ ವರ್ಷ ನಡೆದ ಊಪ್ಸ್ಲಾ ಸಮ್ಮೇಳನದಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಇವರು ವಸ್ತುಕೇಂದ್ರಿತ ಚಿಂತನೆಯನ್ನು ಕಲಿಸಲು ಸಾಮಾನ್ಯವಾದ ಕಾಗದದ ಕಾರ್ಡುಗಳನ್ನು ಬಳಸುವ ವಿಧಾನವನ್ನು ನಿರೂಪಿಸಿದರು. ನಾಲ್ಕು ಅಂಗುಲಕ್ಕೆ ಆರು ಅಂಗುಲದ ಒಂದು ಕಾರ್ಡು. ಮೇಲೆ ವರ್ಗದ ಹೆಸರು, ಒಂದು ಪಕ್ಕದಲ್ಲಿ ಅದರ ಹೊಣೆಗಳು, ಮತ್ತೊಂದು ಪಕ್ಕದಲ್ಲಿ ಅದಕ್ಕೆ ನೆರವಾಗುವ ಇತರ ವರ್ಗಗಳು. ಹೊಣೆಗಳ ಪಟ್ಟಿ ಕಾರ್ಡಿನಲ್ಲಿ ಹಿಡಿಸದಿದ್ದರೆ ವರ್ಗವು ಅತಿಯಾಗಿ ಬೆಳೆದಿದೆ ಎಂದರ್ಥ. ಅದೇ ಸಮ್ಮೇಳನದಲ್ಲಿ ರೆಬೆಕಾ ವರ್ಫ್ಸ್-ಬ್ರಾಕ್ ಮತ್ತು ಬ್ರಯನ್ ವಿಲ್ಕರ್ಸನ್ ಇವರು ವಿನ್ಯಾಸವು ದತ್ತಾಂಶದಿಂದ ಹೊರಡದೆ ಹೊಣೆಯಿಂದ ಹೊರಡಬೇಕೆಂದು ವಾದಿಸಿದರು. ವಸ್ತುವು ಏನನ್ನು ಇಟ್ಟುಕೊಂಡಿದೆ ಎಂಬ ಪ್ರಶ್ನೆಯ ಸ್ಥಾನದಲ್ಲಿ ಅದು ಇತರರಿಗೆ ಏನು ಮಾಡಿಕೊಡಬೇಕು ಎಂಬ ಪ್ರಶ್ನೆ ಬಂದು ನಿಂತಿತು. ಹೊಣೆಯೆಂಬುದು ಯಾವಾಗಲೂ ಮತ್ತೊಬ್ಬರಿಗೆ ಸಲ್ಲತಕ್ಕದ್ದು ಎಂಬುದನ್ನು ಓದುಗರು ಗಮನಿಸಬೇಕು.

೫

ಆದರೆ ಹೊಣೆಯನ್ನು ಯಂತ್ರ ಎಣಿಸಲಾರದು. ದೊಡ್ಡ ಸಂಸ್ಥೆಗಳಿಗೆ ಸಾವಿರಾರು ವರ್ಗಗಳ ಗುಣವನ್ನು ಒಂದೇ ನೋಟದಲ್ಲಿ ತಿಳಿಸುವ ಅಂಕಿ ಬೇಕಾಗಿತ್ತು. ಮೆಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯ ಶ್ಯಾಮ್ ಚಿದಂಬರ್ ಮತ್ತು ಕ್ರಿಸ್ ಕೆಮರರ್ ೧೯೯೧ರಲ್ಲಿ ಮೊದಲು ಸೂಚಿಸಿ ೧೯೯೪ರಲ್ಲಿ ಪರಿಷ್ಕರಿಸಿದ ಆರು ಮಾಪನಗಳಲ್ಲಿ ಸಂಸಕ್ತಿಯ ಅಭಾವವನ್ನು ಅಳೆಯುವುದೂ ಒಂದು. ಅದರ ಪರಿಷ್ಕೃತ ಲೆಕ್ಕ ಹೀಗೆ: ವರ್ಗದ ಕ್ರಿಯೆಗಳನ್ನು ಎರಡೆರಡಾಗಿ ಜೋಡಿಸಬೇಕು, ಯಾವ ದತ್ತಾಂಶವನ್ನೂ ಸಮಾನವಾಗಿ ಬಳಸದ ಜೋಡಿಗಳ ಸಂಖ್ಯೆಯಿಂದ, ಸಮಾನವಾಗಿ ಬಳಸುವ ಜೋಡಿಗಳ ಸಂಖ್ಯೆಯನ್ನು ಕಳೆಯಬೇಕು, ಉತ್ತರ ಋಣವಾದರೆ ಸೊನ್ನೆಯೆಂದು ತಿಳಿಯಬೇಕು. ಸೊನ್ನೆ ಬಂದರೆ ಶುಭ. ಸಂಖ್ಯೆ ಬೆಳೆದಷ್ಟೂ ಸಂಸಕ್ತಿ ಕಡಮೆ.

ಈ ಲೆಕ್ಕವನ್ನು ನಮಗೆ ಪರಿಚಿತವಾದ ಒಂದು ಉದಾಹರಣೆಯಲ್ಲಿ ಮಾಡಿ ನೋಡೋಣ. ಉಳಿತಾಯ ಖಾತೆ ಎಂಬ ವರ್ಗದಲ್ಲಿ ನಾಲ್ಕು ಕ್ರಿಯೆಗಳಿವೆಯೆಂದು ಭಾವಿಸಿ. ಜಮೆ ಮತ್ತು ಹಿಂಪಡೆತ ಎಂಬೆರಡು ಬಾಕಿ ಮೊತ್ತವನ್ನು ಬಳಸುತ್ತವೆ. ವಿಳಾಸ ಬದಲಾವಣೆ ಮತ್ತು ವಿಳಾಸ ಮುದ್ರಣ ಎಂಬೆರಡು ವಿಳಾಸವನ್ನು ಬಳಸುತ್ತವೆ. ಒಟ್ಟು ಜೋಡಿಗಳು ೬. ಸಮಾನಾಂಶವುಳ್ಳವು ೨, ಇಲ್ಲದವು ೪. ವ್ಯತ್ಯಾಸ ೨. ವರ್ಗದಲ್ಲಿ ಎರಡು ಬೇರೆ ಸಂಗತಿಗಳು ಕೂಡಿಕೊಂಡಿವೆ ಎಂದು ಅಂಕಿಯು ಎಚ್ಚರಿಸುತ್ತದೆ, ಎಚ್ಚರಿಕೆ ಯುಕ್ತವಾದುದೇ. ಈಗ ವಿಳಾಸವನ್ನೂ ಬಾಕಿಯನ್ನೂ ಒಂದೇ ಹಾಳೆಯಲ್ಲಿ ಅಚ್ಚುಮಾಡುವ ಐದನೆಯ ಕ್ರಿಯೆಯೊಂದನ್ನು ಸೇರಿಸೋಣ. ಜೋಡಿಗಳು ೧೦ ಆದುವು. ಹೊಸ ಕ್ರಿಯೆ ಉಳಿದ ನಾಲ್ಕರೊಂದಿಗೂ ಸಮಾನಾಂಶವುಳ್ಳದ್ದು. ಆದುದರಿಂದ ಸಮಾನಾಂಶವುಳ್ಳ ಜೋಡಿಗಳು ೬, ಇಲ್ಲದವು ಹಿಂದಿನಂತೆ ೪. ವ್ಯತ್ಯಾಸ ಋಣ, ಉತ್ತರ ಸೊನ್ನೆ. ವರ್ಗಕ್ಕೆ ಮತ್ತೊಂದು ಕೆಲಸದ ಹೊರೆಯನ್ನು ಹೊರಿಸಿದೆವು. ಅಂಕಿಯು ಅದನ್ನು ನಿರ್ದೋಷವೆಂದು ಸಾರಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ದಿನಾಂಕ ಎಂಬ ವರ್ಗದಲ್ಲಿ ದಿನ, ತಿಂಗಳು, ವರ್ಷ ಎಂಬ ಮೂರು ಅಂಶಗಳಿದ್ದು, ಒಂದೊಂದನ್ನು ತಿಳಿಸುವ ಒಂದೊಂದು ಕ್ರಿಯೆ ಇದೆ ಎಂದಿಟ್ಟುಕೊಳ್ಳಿ. ಮೂರು ಜೋಡಿಗಳು, ಯಾವ ಜೋಡಿಗೂ ಸಮಾನಾಂಶವಿಲ್ಲ, ಉತ್ತರ ೩. ದಿನವನ್ನು ತಿಂಗಳಿನಿಂದ ಬೇರ್ಪಡಿಸಿದರೆ ಎರಡೂ ನಿರರ್ಥಕವೆಂಬುದು ಮಗುವಿಗೂ ಗೊತ್ತು, ಅಂಕಿಗೆ ಗೊತ್ತಿಲ್ಲ. ಜೈಮಿನಿಯ ಮಾತಿನಲ್ಲಿ ಹೇಳುವುದಾದರೆ, ಆಕಾಂಕ್ಷೆಯು ಅರ್ಥದಲ್ಲಿದೆ, ಅಕ್ಷರದಲ್ಲಿಲ್ಲ.

ಇಂಥ ಕೊರತೆಗಳನ್ನು ವಿದ್ವಾಂಸರು ಬೇಗನೆ ಗುರುತಿಸಿದರು. ೧೯೯೫ರಲ್ಲಿ ಮಾರ್ಟಿನ್ ಹಿಟ್ಸ್ ಮತ್ತು ಬೆಹ್ಜಾದ್ ಮಂಟಜೇರಿ ಇವರು ಕ್ರಿಯೆಗಳನ್ನು ಬಿಂದುಗಳಾಗಿಯೂ ಅವುಗಳ ನಂಟನ್ನು ಗೆರೆಗಳಾಗಿಯೂ ಎಳೆದು, ಚಿತ್ರವು ಎಷ್ಟು ತುಂಡುಗಳಾಗುತ್ತದೆ ಎಂಬುದನ್ನು ಎಣಿಸುವ ಸುಧಾರಣೆಯನ್ನು ಸೂಚಿಸಿದರು. ನಮ್ಮ ಉಳಿತಾಯ ಖಾತೆಯ ಮೊದಲ ರೂಪದಲ್ಲಿ ಎರಡು ತುಂಡುಗಳು ಸ್ಪಷ್ಟವಾಗಿ ಕಾಣುತ್ತವೆ. ಇದು ಒಳ್ಳೆಯ ಸುಧಾರಣೆ. ಐದನೆಯ ಕ್ರಿಯೆ ಬಂದೊಡನೆ ಎರಡೂ ತುಂಡುಗಳು ಸೇರಿ ಒಂದಾಗುತ್ತವೆ. ತೊಡಕು ಹಾಗೆಯೇ ಉಳಿಯುತ್ತದೆ. ೧೯೯೮ರಲ್ಲಿ ಬ್ರಿಯಾಂಡ್, ಡೇಲಿ ಮತ್ತು ವ್ಯೂಸ್ಟ್ ಇವರು ಅದುವರೆಗೆ ಬಂದಿದ್ದ ಮಾಪನಗಳನ್ನೆಲ್ಲ ಒಂದು ಚೌಕಟ್ಟಿನಲ್ಲಿಟ್ಟು ತೂಗಿನೋಡಿದರು. ಮಾಪನಗಳು ನಿರುಪಯುಕ್ತವೆಂದು ಇದರಿಂದ ತಿಳಿಯಕೂಡದು. ಜ್ವರಮಾಪಕವು ರೋಗವನ್ನು ಹೇಳದಿದ್ದರೂ ವೈದ್ಯನು ಎಲ್ಲಿ ನೋಡಬೇಕೆಂಬುದನ್ನು ಸೂಚಿಸುತ್ತದೆ. ಆದರೆ ಅಂಕಿಯನ್ನು ಸೊನ್ನೆ ಮಾಡುವುದೇ ಗುರಿಯಾದಲ್ಲಿ, ಐದನೆಯ ಕ್ರಿಯೆಯನ್ನು ಸೇರಿಸಿ ಗುರಿ ಮುಟ್ಟುವವರು ಇದ್ದೇ ಇರುತ್ತಾರೆ.

೬

ಹಾಗಾದರೆ ಒಟ್ಟಿಗಿರುವುದಕ್ಕೆ ಕಾರಣವನ್ನು ಕೊಡತಕ್ಕವರು ಯಾರು? ಈ ಪ್ರಶ್ನೆಗೆ ಒಂದು ಉತ್ತರದ ಬೀಜವು ೧೯೬೮ರಷ್ಟು ಹಿಂದೆಯೇ ಇತ್ತು. ಆ ವರ್ಷ ಮೆಲ್ವಿನ್ ಕಾನ್‌ವೇ ಎಂಬವರು ಡೇಟಾಮೇಷನ್ ಪತ್ರಿಕೆಯಲ್ಲಿ, ಯಾವುದೇ ಸಂಸ್ಥೆ ರಚಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಮಾತುಕತೆಯ ವಿನ್ಯಾಸವನ್ನೇ ಹೋಲುತ್ತದೆ ಎಂದು ಪ್ರತಿಪಾದಿಸಿದ್ದರು. ಮೂರು ವಿಭಾಗಗಳುಳ್ಳ ಸಂಸ್ಥೆಯ ತಂತ್ರಾಂಶವೂ ಮೂರು ಹೋಳಾಗಿರುತ್ತದೆ. ಆ ವಿಭಜನೆ ಕೆಲಸಕ್ಕೆ ಒಪ್ಪಲಿ, ಒಪ್ಪದಿರಲಿ.

ಈ ಶತಮಾನದ ಆರಂಭದಲ್ಲಿ ರಾಬರ್ಟ್ ಮಾರ್ಟಿನ್ನರು ಹಿಂದಿನ ಸಂಸಕ್ತಿ ವಿಚಾರವನ್ನೇ ಮೂಲವಾಗಿಟ್ಟುಕೊಂಡು ಏಕಹೊಣೆಯ ತತ್ತ್ವವೆಂಬುದನ್ನು ಪ್ರಚಾರಕ್ಕೆ ತಂದರು. ವರ್ಗವೊಂದು ಬದಲಾಗಲು ಒಂದೇ ಕಾರಣವಿರಬೇಕೆಂಬುದು ಅದರ ತಾತ್ಪರ್ಯ. ಕಾರಣವೆಂದರೇನೆಂಬ ಬಗ್ಗೆ ಗೊಂದಲ ಬೆಳೆಯಿತು. ೨೦೧೭ರಲ್ಲಿ ಪ್ರಕಟವಾದ 'ಕ್ಲೀನ್ ಆರ್ಕಿಟೆಕ್ಚರ್' ಎಂಬ ಗ್ರಂಥದಲ್ಲಿ ಅವರು ಅದನ್ನು ಸ್ಪಷ್ಟಪಡಿಸಿದರು: ಘಟಕವು ಬದಲಾವಣೆಯನ್ನು ಕೇಳುವ ಒಂದೇ ವರ್ಗದ ಜನರಿಗೆ ಉತ್ತರವಾದಿಯಾಗಿರಬೇಕು. ಅವರ ಉದಾಹರಣೆಯಲ್ಲಿ ನೌಕರ ಎಂಬ ವರ್ಗವು ವೇತನದ ಲೆಕ್ಕ, ದುಡಿದ ಗಂಟೆಗಳ ವರದಿ, ದಾಖಲೆಯ ಸಂರಕ್ಷಣೆ ಎಂಬ ಮೂರನ್ನೂ ಮಾಡುತ್ತದೆ. ಮೂರನ್ನೂ ಕೇಳುವ ಅಧಿಕಾರಿಗಳು ಬೇರೆ ಬೇರೆ. ಒಬ್ಬರಿಗಾಗಿ ಮಾಡಿದ ತಿದ್ದುಪಡಿ ಇನ್ನೊಬ್ಬರ ಲೆಕ್ಕವನ್ನು ಕೆಡಿಸುತ್ತದೆ. ನಮ್ಮ ಉಳಿತಾಯ ಖಾತೆಯ ಸಮಸ್ಯೆಯೂ ಇಲ್ಲಿಯೇ ಬಗೆಹರಿಯುತ್ತದೆ. ಬಾಕಿಯ ನಿಯಮಗಳನ್ನು ಬದಲಿಸುವವರು ಒಬ್ಬರು, ಗ್ರಾಹಕರ ಗುರುತು ಮತ್ತು ವಿಳಾಸದ ನಿಯಮಗಳನ್ನು ಬದಲಿಸುವವರು ಮತ್ತೊಬ್ಬರು. ಆದುದರಿಂದ ಅವು ಎರಡು ವರ್ಗಗಳು. ಹಾಳೆಯ ಮುದ್ರಣವು ಎರಡರಿಂದಲೂ ಕೇಳಿ ಪಡೆಯುವ ಮೂರನೆಯದು.

ಇದು ಪಂಡಿತರ ವಾದವಷ್ಟೇ ಎಂದು ತೋರಬಹುದು. ಹಾಗಲ್ಲವೆಂಬುದಕ್ಕೆ ೧೯೯೬ರ ಜೂನ್ ೪ರ ಘಟನೆಯೊಂದನ್ನು ಸ್ಮರಿಸಬಹುದು. ಅಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನದ ಕೂರೂವಿನಿಂದ ಮೇಲೇರಿದ ಏರಿಯಾನ್ ೫ ರಾಕೆಟ್ಟು ಇನ್ನೂ ಒಂದು ನಿಮಿಷವೂ ತುಂಬುವ ಮುನ್ನ ಆಕಾಶದಲ್ಲಿ ಸಿಡಿದು ನಾಶವಾಯಿತು. ಅದು ಅದರ ಮೊದಲ ಹಾರಾಟ. ತನಿಖಾ ಮಂಡಲಿಯು ಕಂಡುಕೊಂಡುದು ಹೀಗೆ. ರಾಕೆಟ್ಟಿನ ಚಲನೆಯನ್ನು ಅಳೆಯುವ ಉಪಕರಣದ ತಂತ್ರಾಂಶವನ್ನು ಹಿಂದಿನ ಏರಿಯಾನ್ ೪ರಿಂದ ತೆಗೆದುಕೊಂಡಿದ್ದರು. ಅದರಲ್ಲಿ ಉಪಕರಣವನ್ನು ಉಡಾವಣೆಗೆ ಮುನ್ನ ನೇರ್ಪುಗೊಳಿಸುವ ಭಾಗವೊಂದಿತ್ತು. ನೆಲ ಬಿಟ್ಟ ಮೇಲೆ ಆ ಭಾಗದಿಂದ ಯಾವ ಪ್ರಯೋಜನವೂ ಇರಲಿಲ್ಲ. ಆದರೂ ಕೊನೆಯ ಗಳಿಗೆಯಲ್ಲಿ ಎಣಿಕೆ ನಿಂತರೆ ಬೇಗನೆ ಪುನಃ ಆರಂಭಿಸಲು ಅನುಕೂಲವಾಗಲೆಂದು ಏರಿಯಾನ್ ೪ರ ಕಾಲದಲ್ಲಿ ಅದನ್ನು ಹಾರಾಟದ ಮೊದಲ ಸುಮಾರು ೪೦ ಸೆಕೆಂಡುಗಳವರೆಗೆ ಚಾಲೂ ಇಟ್ಟಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಅದಕ್ಕೆ ಸಂಬಂಧಿಸಿದ ೬೪ ಬಿಟ್ಟಿನ ಸಂಖ್ಯೆಯೊಂದನ್ನು ೧೬ ಬಿಟ್ಟಿನ ಸ್ಥಳದಲ್ಲಿ ತುಂಬಲು ಹೋಗಿ ಹಿಡಿಸದೆ ದೋಷ ಉಂಟಾಯಿತು, ಉಪಕರಣವೇ ಸ್ತಬ್ಧವಾಯಿತು. ಬದಲಿಗೆ ಇಟ್ಟಿದ್ದ ಎರಡನೆಯ ಉಪಕರಣದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದಕ್ಕೂ ಅದೇ ಗತಿಯಾಗಿತ್ತು.

ಮಂಡಲಿಯ ವಿಮರ್ಶೆ ಪರೀಕ್ಷೆಗಳ ಕೊರತೆ, ದೋಷ ಬಂದಾಗ ಉಪಕರಣವನ್ನೇ ನಿಲ್ಲಿಸುವ ನೀತಿ ಮುಂತಾದ ಅನೇಕ ಅಂಶಗಳನ್ನು ಕುರಿತದ್ದು. ಎಲ್ಲವನ್ನೂ ಸಂಸಕ್ತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಸಂಸಕ್ತಿಯ ದೃಷ್ಟಿಯಿಂದ ಒಂದು ಪ್ರಶ್ನೆ ಉಳಿಯುತ್ತದೆ. ನೆಲದ ಮೇಲಿನ ನೇರ್ಪುಗೊಳಿಸುವಿಕೆ ಮತ್ತು ಆಕಾಶದಲ್ಲಿನ ಮಾರ್ಗನಿರ್ಣಯ ಎಂಬೆರಡನ್ನು ಒಂದರ ಸಾವು ಮತ್ತೊಂದರ ಸಾವಾಗುವಂತೆ ಏಕೆ ಕಟ್ಟಿದ್ದರು? ಏರಿಯಾನ್ ೪ರಲ್ಲಿ ಅದಕ್ಕೊಂದು ಕಾರಣವಿತ್ತು. ಏರಿಯಾನ್ ೫ರಲ್ಲಿ ಆ ಕಾರಣವೇ ಇರಲಿಲ್ಲ. ಘಟಕದ ಒಳಗೆ ಒಂದಕ್ಷರವೂ ಬದಲಾಗಿರಲಿಲ್ಲ. ಹೊರಗಿನ ಪ್ರಯೋಜನ ಬದಲಾಗಿತ್ತು. ನಿನ್ನೆಯವರೆಗೆ ಸಕಾರಣವಾಗಿದ್ದ ಸಹವಾಸವು ಅಂದು ನಿಷ್ಕಾರಣವಾಯಿತು.

೭

ಮೇಲ್ಕಂಡ ವಿವೇಚನೆಯನ್ನು ಸಂಗ್ರಹಿಸುವುದಾದರೆ, ಸಂಸಕ್ತಿಯ ಪ್ರಮಾಣವನ್ನು ಮೊದಲು ಕೆಲಸದ ಕ್ರಮದಲ್ಲಿಯೂ, ಅನಂತರ ಬಚ್ಚಿಟ್ಟ ನಿರ್ಧಾರದಲ್ಲಿಯೂ, ಆಮೇಲೆ ಇತರರಿಗೆ ಸಲ್ಲಿಸಬೇಕಾದ ಹೊಣೆಯಲ್ಲಿಯೂ, ಕೊನೆಗೆ ಬದಲಾವಣೆಯನ್ನು ಕೇಳುವ ಮನುಷ್ಯರಲ್ಲಿಯೂ ಹುಡುಕಿದರು. ಪ್ರತಿ ಹೆಜ್ಜೆಯೂ ಹೊರಮುಖವಾದದ್ದು. ನಡುವೆ ಅಂಕಿಯ ಮೂಲಕ ಒಳಗೆಯೇ ಅದನ್ನು ಹಿಡಿಯಲು ನಡೆದ ಯತ್ನವು ಉಪಯುಕ್ತವಾದರೂ ಅಪೂರ್ಣವಾಗಿಯೇ ಉಳಿಯಿತು.

ಇದರಿಂದ ಒಂದು ವ್ಯಾವಹಾರಿಕ ಫಲಿತಾಂಶವೂ ಹೊರಡುತ್ತದೆ. ಒಂದು ಘಟಕವು ಸಂಸಕ್ತವಾಗಿದೆ ಎಂದು ಒಮ್ಮೆ ನಿರ್ಣಯಿಸಿ ಸುಮ್ಮನಾಗುವಂತಿಲ್ಲ. ಪ್ರಯೋಜನ ಬದಲಾದಾಗ, ಕೇಳುವವರು ಬದಲಾದಾಗ, ಹಳೆಯ ಒಗ್ಗಟ್ಟಿಗೆ ಹೊಸದಾಗಿ ಕಾರಣ ಕೇಳಬೇಕು. ಯಂತ್ರಗಳೇ ಕ್ರಮವಿಧಿಗಳನ್ನು ಬರೆದುಕೊಡುವ ಈ ದಿನಗಳಲ್ಲಿ ಬರೆಯುವ ಶ್ರಮ ಕಡಮೆಯಾಗಿರಬಹುದು. ಕಾರಣ ಕೇಳುವ ಶ್ರಮ ಕಡಮೆಯಾಗಿಲ್ಲ. ಘಟಕದ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಬೇಕೆಂಬ ೧೯೭೪ರ ಪರೀಕ್ಷೆ ಇಂದಿಗೂ ಅಗ್ಗವಾದದ್ದು, ನಂಬತಕ್ಕದ್ದು. ಆ ವಾಕ್ಯವನ್ನು ತಮ್ಮ ತಾಯ್ನುಡಿಯಲ್ಲಿ ಬರೆದು ನೋಡುವ ಅಭ್ಯಾಸವನ್ನು ಈ ವೃತ್ತಿಯ ನಮ್ಮ ತರುಣರು ಬೆಳೆಸಿಕೊಂಡರೆ ಅವರಿಗೆ ಲಾಭವಿದೆ. ಪರಭಾಷೆಯ ಸಿದ್ಧಶಬ್ದಗಳ ಮರೆಯಲ್ಲಿ ಅಡಗಿಕೊಳ್ಳುವ ವಾಕ್ಯಭೇದವು ಕನ್ನಡದಲ್ಲಿ ಬರೆದಾಗ 'ಮತ್ತು', 'ಅನಂತರ', 'ಇತ್ಯಾದಿ' ಎಂಬ ಪದಗಳಾಗಿ ಕಣ್ಣಿಗೆ ಬೀಳುತ್ತದೆ.